ಅತಿಥಿ ನೀರು

ಅರ್ಧ ಲೀಟರ್ ನೀರನ್ನು ಯಾವ ಗಾಜಿನ ಪಾತ್ರೆಗೆ ಸುರಿಯಬೇಕು ಎಂಬ ಘನಗಂಭೀರ ಪ್ರಶ್ನೆ, ಸರೋವರದ ದಂಡೆಯ ಆ ಊರಿನ ನೀರು ಮಂಡಳಿಯ ಮುಂದೆ ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಬಂದು ನಿಂತಿತು. ನೀರು ಬಂದದ್ದು ರಾಜಧಾನಿ ಅಸುನ್ಸಿಯೋನಿನಿಂದ, ಬಸ್ಸಿನಲ್ಲಿ, ಮೊಹರು ಹಾಕಿದ ಬಾಟಲಿಯಲ್ಲಿ. ಅದರಲ್ಲಿ ಏನೇನು ಎಷ್ಟೆಷ್ಟು ಬೆರೆಸಿದೆ ಎಂಬುದು ಕಳಿಸಿದವರಿಗೆ ಗೊತ್ತು, ಹೇಳುವುದಿಲ್ಲ. ದೇಶದ ಪ್ರಯೋಗಾಲಯಗಳಿಗೆಲ್ಲ ಅದೇ ನೀರು ಹೋಗುತ್ತದೆ. ಯಾರು ಸರಿಯಾಗಿ ಅಳೆಯುತ್ತಾರೆ, ಯಾರು ಅಂದಾಜಿನ ಮೇಲೆ ಬದುಕುತ್ತಾರೆ ಎಂದು ಅವರು ಅಲ್ಲಿ ಕೂತು ನೋಡುತ್ತಾರೆ.

ಇಲ್ಲಿ ಅಳೆಯುವವಳು ನಿಮಿಯಾ ಒಬ್ಬಳೇ. ಹಿಂದಿನ ಎರಡು ಸಲವೂ ಅವಳು ಫಾಸ್ಫೇಟಿನಲ್ಲಿ ಫೇಲಾಗಿದ್ದಳು. ನೀರಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೋರಿಸಿದ್ದಳು. ಮೂರನೆಯ ಸಲವೂ ಹಾಗೇ ಆದರೆ ಪರವಾನಗಿ ರದ್ದು. ಆಮೇಲೆ ಊರಿನ ನೀರು ಪರೀಕ್ಷೆಗೆ ಬಸ್ಸು ಹತ್ತಬೇಕು, ವರದಿ ಬರಲು ಮೂರು ವಾರ. ಅಷ್ಟರೊಳಗೆ ಊರು ಆ ನೀರನ್ನು ಕುಡಿದು ಮರೆತಿರುತ್ತದೆ. ಇನ್ನು ನಿಮಿಯಾ, ಮನೆ ಮನೆಗೆ ತಿರುಗಿ ಮೀಟರ್ ಓದಬೇಕು.

ಮಂಡಳಿಯ ಅಧ್ಯಕ್ಷ ಡಾನ್ ಎಲಾಡಿಯೋ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊಸದಾಗಿ ಕ್ಷೌರ ಮಾಡಿಸಿಕೊಂಡು ಒಳಬಂದರು.

"ಬಂದ್ರಾ?"

"ಬಂತು ಡಾನ್ ಎಲಾಡಿಯೋ. ಬಾಟಲಿ ಅದು."

"ಗಾಜು ಈ ಸಲಾನೂ ನಾನೇ ತೊಳ್ದಿದೀನಿ. ಹೋದ ಸಲ ಎರಡು ಸಲ ತೊಳ್ದಿದ್ದೆ, ಸಾಲ್ಲಿಲ್ಲ. ಈಗ ಮೂರು." ಕಪಾಟಿನ ಬೀಗ ತೆಗೆದು, ಈ ಬಾಟಲಿಗೆಂದೇ ಮೀಸಲಿಟ್ಟಿದ್ದ ಆರು ಫ್ಲಾಸ್ಕುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು. ಕಿಟಕಿಯ ಬೆಳಕಿಗೆ ಅವು ಥಳಥಳ ಹೊಳೆದವು.

ಮೂಲೆಯಲ್ಲಿ ಕೊಂಬಿನ ಲೋಟದಿಂದ ತಣ್ಣೀರಲ್ಲಿ ನೆನೆಸಿದ ಎಲೆಯ ಪಾನೀಯ ಟೆರೆರೆ ಹೀರುತ್ತಿದ್ದ ತೊಮಾಸಾ ತಲೆ ಎತ್ತಲಿಲ್ಲ. ದಿನದ ಗಾಜುಗಳನ್ನು ಇಪ್ಪತ್ತಾರು ವರ್ಷದಿಂದ ತೊಳೆಯುತ್ತಿರುವವಳು ಅವಳೇ. "ನನ್ನ ಕೈಲಿ ತೊಳೆದ ಗಾಜು ಊರ ನೀರಿಗೆ ಆಗುತ್ತೆ, ರಾಜಧಾನಿ ನೀರಿಗೆ ಮೈಲಿಗೆ. ಅಲ್ವಾ ಯಜಮಾನ್ರೇ?"

"ಸೋಪು ಕಂಡಿದೀಯಾ ನೀನು?"

"ಸೋಪು ಮುಟ್ಬೇಡ, ಆಸಿಡ್ಡು, ಆಮೇಲೆ ಬಟ್ಟಿ ನೀರು ಅಂತ ಈ ಹುಡುಗೀನೇ ಹೇಳಿರೋದು."

ನಿಮಿಯಾ ಹೊಳೆಯುವ ಫ್ಲಾಸ್ಕೊಂದನ್ನು ಎತ್ತಿ ಮೂಗಿಗೆ ಹಿಡಿದಳು. ನಿಂಬೆಹಣ್ಣಿನ ವಾಸನೆ.

"ಏನ್ ಹಾಕಿ ತೊಳೆದ್ರಿ?"

"ನಮ್ಮನೆಯೋಳು ಗಡಿ ಆಚೆಯಿಂದ ತರಿಸಿರೋ ಪುಡಿ. ಬಿಷಪ್ಪರು ಊಟಕ್ಕೆ ಬಂದಾಗ ತಟ್ಟೆ ತೊಳೆದಿದ್ವಲ್ಲ, ಅದು."

ನಿಮಿಯಾ ಆ ಫ್ಲಾಸ್ಕಿಗೆ ಬರೀ ಬಟ್ಟಿ ಇಳಿಸಿದ ನೀರು ಸುರಿದಳು. ತೊಮಾಸಾ ತೊಳೆದಿದ್ದ, ಕುತ್ತಿಗೆಯ ಬಳಿ ಗೀರು ಬಿದ್ದ ಹಳೆಯದಕ್ಕೂ ಅದನ್ನೇ ಸುರಿದಳು. ಎರಡಕ್ಕೂ ಫಾಸ್ಫೇಟ್ ಹಿಡಿದುಕೊಡುವ ದ್ರಾವಣ ಹಾಕಿ ಗಡಿಯಾರ ನೋಡುತ್ತಾ ನಿಂತಳು. ಹತ್ತು ನಿಮಿಷ ಕಳೆಯಿತು. ಹಳೆಯದು ನೀರಾಗಿಯೇ ಉಳಿಯಿತು. ಹೊಳೆಯುವುದು ನಿಧಾನವಾಗಿ, ಮೇ ತಿಂಗಳ ಆಕಾಶದಂತೆ ನೀಲಿಗೆ ತಿರುಗಿತು.

"ಎಷ್ಟು ಚೆನ್ನಾಗಿದೆ!" ಎಂದರು ಡಾನ್ ಎಲಾಡಿಯೋ.

"ಆ ನೀಲಿ ನಿಮ್ಮ ಪುಡೀದು. ಅದರೊಳಗೇ ಫಾಸ್ಫೇಟ್ ಇದೆ. ಎರಡು ಸಲಾನೂ ನಾನು ಅಳೆದಿದ್ದು ರಾಜಧಾನಿ ನೀರನ್ನಲ್ಲ, ನಿಮ್ಮ ಉಪಚಾರಾನ."

ಡಾನ್ ಎಲಾಡಿಯೋ ಕುರ್ಚಿ ಎಳೆದುಕೊಂಡು ಕೂತರು. ಕೂತರೂ ಸೋಲಲಿಲ್ಲ. "ಸರಿ, ಪುಡಿ ಬೇಡ. ಹಾಗಂತ ದಿನಾ ಬಳಸೋ ಗೀರು ಬಿದ್ದ ಗಾಜಿಗೆ ಹಾಕೋದಾ? ಗೊತ್ತಾದ್ರೆ ಏನಂದ್ಕೋತಾರೆ?"

ನಿಮಿಯಾ ಬಾಟಲಿಯ ಜೊತೆ ಬಂದ ಹಾಳೆಯನ್ನು ಮುಂದೆ ಹಿಡಿದಳು. "ಮೊದಲ್ನೇ ಸಾಲು ನೋಡಿ. 'ಈ ಮಾದರಿಯನ್ನು ನಿಮ್ಮ ದಿನನಿತ್ಯದ ಮಾದರಿಯಂತೆಯೇ ಪರೀಕ್ಷಿಸಿರಿ.'"

"ಓದಿದೀನಮ್ಮಾ, ಮೂರು ಸಲಾನೂ ಬರ್ದಿದಾರೆ. ಬಂದ ನೆಂಟ್ರು 'ಏನೂ ತೊಂದ್ರೆ ತಗೋಬೇಡಿ, ಇದ್ದಿದ್ದೇ ಬಡಿಸಿ' ಅನ್ನಲ್ವಾ? ಹಾಗಂದ್ರೂಂತ ಬೇಯಿಸಿದ ಮರಗೆಣಸು ಇಟ್ಟು ಕೈತೊಳ್ಕೋತೀವಾ? ಕೋಳಿ ಕುಯ್ಯಲ್ವಾ?"

ನಿಮಿಯಾ ಐದು ವರ್ಷ ರಸಾಯನಶಾಸ್ತ್ರ ಓದಿದ್ದಳು, ಅದರಲ್ಲಿ ಈ ಅಧ್ಯಾಯ ಇರಲಿಲ್ಲ.

"ಯಜಮಾನ್ರೇ," ತೊಮಾಸಾ ಲೋಟ ಕೆಳಗಿಟ್ಟಳು. "ಈ ನೆಂಟ್ರು ಊಟಕ್ಕೆ ಬಂದಿಲ್ಲ. ನಾವು ದಿನಾ ಏನು ತಿಂತೀವಿ ಅಂತ ನೋಡೋಕೆ ಬಂದಿದಾರೆ."

ಡಾನ್ ಎಲಾಡಿಯೋ ಬಾಟಲಿಯನ್ನು ನೋಡಿದರು, ತೊಮಾಸಾಳನ್ನು ನೋಡಿದರು. ಆಮೇಲೆ ಎದ್ದು ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು, "ನನಗೂ ಒಂದು ಲೋಟ ಹಾಕು," ಎಂದರು. ನಿಮಿಯಾಳಿಗೆ ಅಷ್ಟು ಸಾಕಾಯಿತು.

ಅಂದಿನ ಹತ್ತು ಮಾದರಿಗಳು ಸಾಲಾಗಿ ಕಾದಿದ್ದವು: ಶಾಲೆಯ ನಲ್ಲಿಯದು, ದೋಣಿಕಟ್ಟೆಯದು, ಹೀಗೆ ಕೊನೆಗೆ ಕಸಾಯಿಖಾನೆಯ ಹಿಂದಿನ ಕಾಲುವೆಯದು. ಅವಳು ಮೊಹರು ಒಡೆದು ರಾಜಧಾನಿಯ ನೀರನ್ನು ಗೀರು ಬಿದ್ದ ಫ್ಲಾಸ್ಕಿಗೆ ಸುರಿದು, ಹನ್ನೊಂದನೇ ನಂಬರಿನ ಚೀಟಿ ಅಂಟಿಸಿ, ಕಾಲುವೆಯ ಮಾದರಿಯ ಪಕ್ಕಕ್ಕೆ ನಿಲ್ಲಿಸಿದಳು. ಡಾನ್ ಎಲಾಡಿಯೋ ಮುಖ ಆಚೆ ತಿರುಗಿಸಿಕೊಂಡರು.

ಏಳು ವಾರದ ನಂತರ ಪತ್ರ ಬಂತು. ಫಾಸ್ಫೇಟ್ ಇದ್ದದ್ದು ಸೊನ್ನೆ ಬಿಂದು ನಾಲ್ಕು ಎರಡು; ನಿಮಿಯಾ ಬರೆದದ್ದು ಸೊನ್ನೆ ಬಿಂದು ನಾಲ್ಕು ಒಂದು. ಪರವಾನಗಿ ಎರಡು ವರ್ಷಕ್ಕೆ ಮುಂದುವರಿಯಿತು.