ಶುದ್ಧ ದನಿ

ನಾಡಿನ ಏಕೈಕ ಪ್ರಯೋಗಶೀಲ ಎಲೆಕ್ಟ್ರಾನಿಕ್ ಸಂಗೀತಗಾರ ಎಂದು ಅವನ ವಿಸಿಟಿಂಗ್ ಕಾರ್ಡೇ ಹೇಳುತ್ತಿತ್ತು. ಮನುಷ್ಯರ ಮಾತನ್ನು ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಅದರ ಅರ್ಥವನ್ನೆಲ್ಲ ಹಿಂಡಿ ತೆಗೆದು, ಬರೀ ದನಿ ಉಳಿಸಿಕೊಳ್ಳುವುದು ಅವನ ಕಲೆ.

ಹೊಸ ಕೃತಿಗೆ ಹೆಣ್ಣುದನಿ ಬೇಕಾಯಿತು. ಹೆಂಡತಿಯನ್ನು ಸ್ಟುಡಿಯೋಗೆ ಕರೆಸಿ ಮೈಕಿನ ಮುಂದೆ ಕೂರಿಸಿದ.

“ಏನು ಹೇಳಲಿ?”

“ಏನಾದ್ರೂ ಹೇಳು. ನಂಗೆ ಮಾತು ಮುಖ್ಯ ಅಲ್ಲ.”

“ಅದು ಗೊತ್ತು.”

ಅವಳು ಒಂದೇ ಒಂದು ವಾಕ್ಯ ಹೇಳಿದಳು. ಹೆಡ್‌ಫೋನ್ ಹಾಕಿಕೊಂಡಿದ್ದ ಅವನು ಪರದೆಯ ಮೇಲೆ ಕುಣಿಯುವ ಹಸಿರು ಗೆರೆಯನ್ನೇ ನೋಡುತ್ತಾ, “ಆಹಾ! ಇನ್ನೊಂದ್ಸಲ, ನಿಧಾನಕ್ಕೆ,” ಎಂದ. ನಿಧಾನಕ್ಕೆ ಹೇಳಿದಳು.

“ಕೊನೇಲಿ ಗಂಟಲು ನಡುಗಿತಲ್ಲ, ಅದು ಇನ್ನೂ ಸ್ವಲ್ಪ ಬರಲಿ.”

ಮೂರನೇ ಸಲ ಅದು ತಾನಾಗಿಯೇ ಬಂತು.

“ಟೇಕ್ ಓಕೆ!” ಎಂದು ಹೆಬ್ಬೆರಳೆತ್ತಿದ.

ಆಮೇಲೆ ಹದಿನೈದು ದಿನ ಮನೆಗೂ ಹೋಗದೆ, ಸ್ಟುಡಿಯೋದಲ್ಲೇ ಬಿದ್ದುಕೊಂಡು ಆ ಒಂದು ವಾಕ್ಯವನ್ನು ನಲವತ್ತು ನಿಮಿಷಕ್ಕೆ ಎಳೆದ.

ಮೊದಲ ಪ್ರದರ್ಶನಕ್ಕೆ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. “ಹೆಣ್ಣಿನ ಅಂತರಂಗವನ್ನು ಇಷ್ಟು ಸೂಕ್ಷ್ಮವಾಗಿ ಆಲಿಸಿದ ಕಿವಿ ಇನ್ನೊಂದಿಲ್ಲ,” ಎಂದು ವಿಮರ್ಶಕರೊಬ್ಬರು ಕಣ್ಣೊರೆಸಿಕೊಂಡರು. ಅವನು ಕೃತಿಯನ್ನು ಹೆಂಡತಿಗೆ ಅರ್ಪಿಸಿ, ಮೊದಲ ಸಾಲಿನತ್ತ ಕೈ ಚಾಚಿದ. ಅವಳಿಗೆಂದು ಇಟ್ಟಿದ್ದ ಕುರ್ಚಿ ಖಾಲಿಯಿತ್ತು.

ವೇದಿಕೆ ಇಳಿದವನೇ ಫೋನು ಮಾಡಿದ.

“ಎಲ್ಲಿದ್ದೀಯ?”

“ಧಾರವಾಡದಲ್ಲಿ. ಇಲ್ಲಿ ಕೆಲಸಕ್ಕೆ ಸೇರಿ ಎರಡು ವಾರ ಆಯ್ತು.”

“ನಂಗೊಂದು ಮಾತು ಹೇಳಬಾರದಿತ್ತಾ?”

“ನಿಮ್ಮನ್ನ ಬಿಟ್ಟು ಹೋಗ್ತಿದ್ದೀನಿ ಅಂತ ಮೂರು ಸಲ ಹೇಳಿದೆ. ಮೂರನೇದಕ್ಕೆ ನೀವು ಟೇಕ್ ಓಕೆ ಅಂದ್ರಿ.”