ಎಂಬತ್ತನೆಯ ಹಾಜರಿ

“ಯಮನೂರಪ್ಪ!”

ರಾಜಮಹ್ಮದ ಮಾಸ್ತರರು ಹೆಸರು ಕೂಗಿದರು. ದೇವಲಪ್ಪ ಸದ್ದಾಗದಂತೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದ, ಗದ್ದವನ್ನು ಎದೆಗೆ ಒತ್ತಿದ, ಗೆಳೆಯನ ದನಿ ತೆಗೆದ.

“ಹಾಜರ ಅದೀನ್ರೀ ಮಾಸ್ತರ!”

ನಿಜವಾದ ಯಮನೂರಪ್ಪ ಆ ಹೊತ್ತಿಗೆ ದೂರದ ವಾಸ್ಕೋ ಬಂದರಿನಲ್ಲಿ ಅದಿರು ಸಾಗಿಸುವ ಬಾರ್ಜ್ ದೋಣಿಯ ಕೂಲಿಗೆ ಹೋಗಿದ್ದ. ಸಾಲಿನಲ್ಲಿದ್ದ ಉಳಿದ ಹನ್ನೊಂದು ಮಂದಿಗೂ ಅದು ಗೊತ್ತಿತ್ತು.

ಮ್ಹಾಪಸಾದಲ್ಲಿದ್ದ ಆ ನಾಟಕ ಶಾಲೆಯನ್ನು ಅಲ್ಲಿನ ಕನ್ನಡದ ಮಂದಿ ಸೇರಿ ನಡೆಸುತ್ತಿದ್ದರು. ಒಂದು ವರ್ಷದ ತರಬೇತಿ, ಕೊನೆಗೊಂದು ಸರ್ಟಿಫಿಕೇಟು. ಅದನ್ನು ತಂದರೆ ನಟನಾಗಿ ಸೇರಿಸಿಕೊಳ್ಳುತ್ತೇವೆ ಎಂದು ಹುಬ್ಬಳ್ಳಿಯ ಕಂಪನಿಯೊಂದು ಯಮನೂರಪ್ಪನಿಗೆ ಮಾತು ಕೊಟ್ಟಿತ್ತು. ಬಂದರಿನ ಧೂಳಿನಿಂದ ಪಾರಾಗಲು ಅವನಿಗಿದ್ದದ್ದು ಅದೊಂದೇ ದಾರಿ. ಆದರೆ ವರ್ಷದಲ್ಲಿ ನಡೆಯುವ ನೂರು ದಿನದ ಪಾಠಕ್ಕೆ ಎಂಬತ್ತು ಹಾಜರಿ ಆಗಲೇಬೇಕು. ಎಪ್ಪತ್ತೊಂಬತ್ತಾದರೆ ಗಂಟುಮೂಟೆ ಕಟ್ಟಿದಂತೆಯೇ.

1988ರಲ್ಲಿ ಸೋನಿಬಾಯಿ ಎಂಬ ಹುಡುಗಿಗೆ ಹಾಗೇ ಆಯಿತು. ತಾಯಿಯನ್ನು ಆಸ್ಪತ್ರೆಗೆ ಸೇರಿಸಲು ಹೋಗಿ ಒಂದೇ ಒಂದು ದಿನ ಕಡಿಮೆ ಬಿತ್ತು. ಅಳುತ್ತ ಬಂದು ಕಾಲು ಹಿಡಿದಳು. ಮಾಸ್ತರರು ಕಾಲನ್ನು ಹಿಂದಕ್ಕೆಳೆದುಕೊಂಡರು. “ಸಾಯೋದಿದ್ರೂ ಹಾಜರಿ ಕೊಟ್ಟು ಸಾಯ್ರಿ,” ಎಂದು ನಕ್ಕು ಅವಳ ಹೆಸರಿನ ಮೇಲೆ ಗೀಟೆಳೆದರು. ಎಂಥ ಕಲ್ಲೆದೆ!

ಮಾಸ್ತರರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತುಸು ದೂರದಲ್ಲಿ ನಿಂತವರೂ ಅವರಿಗೆ ಬರೀ ನೆರಳು. ಕಿವಿ ಮಾತ್ರ ನಾಟಕ ಕಂಪನಿಗಳಲ್ಲಿ ನಲವತ್ತು ವರ್ಷ ಪಳಗಿದ್ದು. ಅದರ ಮೇಲೆ ಅವರಿಗೆ ಎಲ್ಲಿಲ್ಲದ ಜಂಬ. ದಿನವೂ ಒಂದು ಸನ್ನಿವೇಶ ಕೊಡುತ್ತಿದ್ದರು. ಹೆಸರು ಕೂಗಿದಾಗ ಅದಕ್ಕೆ ತಕ್ಕ ದನಿಯಲ್ಲಿ ‘ಹಾಜರ’ ಎನ್ನಬೇಕು. ಹಾಜರಿಯೂ ಅದೇ, ಹತ್ತಕ್ಕೆ ಎಷ್ಟು ಎಂಬ ಅಂಕವೂ ಅದೇ. ಪುಸ್ತಕಕ್ಕೆ ಮೂಗು ತಾಗಿಸಿ ತಾವೇ ಬರೆದುಕೊಳ್ಳುತ್ತಿದ್ದರು. ಅಂದಿನ ಸನ್ನಿವೇಶ, ಬಹಳ ದಿನದ ಮೇಲೆ ಮನೆಗೆ ಬಂದವನ ಸಂತೋಷ.

ದೇವಲಪ್ಪ ಕಲಂಗುಟ್ ಬೀಚಿನಲ್ಲಿ ತಾಯಿಯ ಜೊತೆ ಕಸೂತಿ ಚೀಲ ಮಾರುತ್ತ ಬೆಳೆದವನು. ಗಿರಾಕಿಗೆ ತಕ್ಕ ದನಿ ತೆಗೆಯುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಅವನ ಸಂಕಟವೇ ಬೇರೆ. ತನ್ನ ದನಿಯಲ್ಲಿ ಹೇಳಿದರೆ ನಾಲ್ಕೋ ಐದೋ ಸಿಗುತ್ತಿತ್ತು. ಗೆಳೆಯನ ದನಿಯಲ್ಲಿ ಹೇಳಿದರೆ ಎಂಟು, ಒಂಬತ್ತು! “ಯಮನೂರಪ್ಪನ್ನ ನೋಡಿ ಕಲಿಯಲೇ ದೇವ್ಲ್ಯಾ,” ಎಂದು ಮಾಸ್ತರರು ಅವನನ್ನೇ ಬೈಯುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು, ಒಳಗೊಳಗೇ ಹಿಗ್ಗೂ ಆಗುತ್ತಿತ್ತು. ಬರುಬರುತ್ತ ಆ ಹಿಗ್ಗೇ ಚಟವಾಯಿತು.

ಹಿಂದಿನ ದಿನ ಯಮನೂರಪ್ಪನೇ ಹೇಳಿದ್ದ. “ನಾಳಿ ಎಂಬತ್ತನೇದ್ದು. ಮೈಯಾಗೂ ಹುಷಾರಿಲ್ಲ. ನಾನ ಬರ್ತೀನಿ ತಗೋ.”

ದೇವಲಪ್ಪ ಒಪ್ಪಲಿಲ್ಲ. “ಒಂದಿನ ತಪ್ಪಿಸಿದ್ರ ಕೂಲಿ ಮುಕಾದಮ ಮತ್ತ ಕೆಲಸಕ್ಕ ಕರಿಯಂಗಿಲ್ಲ. ನೀ ಕೆಲಸಕ್ಕ ಹೋಗು, ಇಲ್ಲಿ ನಾ ಅದೀನಲ್ಲ!”

ಹನ್ನೊಂದರ ಸುಮಾರಿಗೆ ಜವಾನ ಲಚ್ಚಪ್ಪ ಬಂದು ಫೋನ್ ಬಂದಿದೆಯೆಂದು ಮಾಸ್ತರರ ಕಿವಿಯಲ್ಲಿ ಉಸುರಿದ. ಅವರು ಕೋಲೂರಿಕೊಂಡು ಆಫೀಸಿನ ಕಡೆ ಹೋದರು. ಎರಡು ನಿಮಿಷವೂ ಆಗಿರಲಿಲ್ಲ, ತಿರುಗಿ ಬಂದು ಬಾಗಿಲಲ್ಲೇ ನಿಂತರು.

“ಯಮನೂರಪ್ಪ!”

ಆಗಿಹೋದ ಹಾಜರಿ ಮತ್ತೇಕೆ? ಹನ್ನೊಂದು ಮಂದಿಯೂ ನೆಲ ನೋಡಿದರು. ಯಾರೋ ಫೋನಿನಲ್ಲಿ ಚಾಡಿ ಹೇಳಿದ್ದಾರೆ ಎಂದು ದೇವಲಪ್ಪ ಅಂದುಕೊಂಡ. ಸುಮ್ಮನಿದ್ದರೆ ಇಬ್ಬರ ಹೆಸರಿನ ಮೇಲೂ ಗೀಟು. ಗದ್ದ ಎದೆಗೆ ಒತ್ತಿದ.

“ಏನ್ರೀ ಮಾಸ್ತರ?”

“ನೀ ಅದಿ ಹೌದಲ್ಲೋ?”

“ಇಲ್ಲದ ಎಲ್ಲಿ ಹೋಗ್ಲಿರಿ? ನಿಮ್ಮ ಮುಂದ ನಿಂತೇನಲ್ಲ!”

ಕೊನೆಗೆ ಯಮನೂರಪ್ಪನ ಒಣಕೆಮ್ಮು, ಎಳೆದೆಳೆದು ನಗುವ ನಗು ಎರಡನ್ನೂ ಸೇರಿಸಿದ. ಮಾಸ್ತರರ ಮುಖ ಅರಳಿತು. ಮತ್ತೆ ಆಫೀಸಿಗೆ ಹೋದರು. ದೇವಲಪ್ಪ ಕುತ್ತಿಗೆಯ ಬೆವರು ಒರೆಸಿಕೊಂಡ. ಇಷ್ಟು ಚೆನ್ನಾಗಿ ತಾನು ಎಂದೂ ಅಭಿನಯಿಸಿರಲಿಲ್ಲ ಎನಿಸಿ, ಅಂಥ ಭಯದಲ್ಲೂ ಅವನಿಗೆ ಹೆಮ್ಮೆಯಾಯಿತು.

ಹನ್ನೆರಡೂವರೆಗೆ ಪಾಠ ಮುಗಿಯಿತು.

“ದೇವಲಪ್ಪ, ನೀ ಒಬ್ಬಾಂವ ನಿಲ್ಲು.”

ಎಲ್ಲವನ್ನೂ ಒಪ್ಪಿಕೊಂಡು ಬಿಡೋಣ, ತಪ್ಪು ತನ್ನದೇ, ಯಮನೂರಪ್ಪನದಲ್ಲ ಎಂದು ಹೇಳಿಬಿಡೋಣ ಎಂದು ದೇವಲಪ್ಪ ಬಾಯಿ ತೆರೆದ. ಅಷ್ಟರಲ್ಲಿ ಮಾಸ್ತರರು ಪುಸ್ತಕ ಬಿಡಿಸಿದರು.

“ಎಲ್ಲಿ ಹೋದ ನಿನ್ನ ಗೆಳ್ಯಾ?”

“ಬಸ್ಸಿಗೆ ಹೋದನ್ರೀ ಮಾಸ್ತರ,” ಎಂದ ದೇವಲಪ್ಪ, ಬಾಯಿಗೆ ಬಂದ ಸತ್ಯವನ್ನು ನುಂಗಿಕೊಂಡು.

“ಇವತ್ತ ಅವಂಗ ಹತ್ತಕ್ಕ ಹತ್ತು ಕೊಟ್ಟೇನಿ ಅಂತ ಹೇಳು. ಎಂಬತ್ತೂ ಆದ್ವು, ಸರ್ಟಿಫಿಕೇಟು ಖಾತ್ರಿ. ಅಂಥಾ ದನಿ ನನ್ನ ಕಿವಿಗೆ ಭಾಳ ದಿನದಿಂದ ಬಿದ್ದಿರಲಿಲ್ಲಲೇ.”

ದೇವಲಪ್ಪನಿಗೆ ಕುಣಿಯುವಷ್ಟು ಖುಷಿಯಾಯಿತು. ಆದರೂ ಮನಸ್ಸು ತಡೆಯದೆ ಕೇಳಿದ. “ನಡುವ ಮತ್ತೊಮ್ಮಿ ಯಾಕ ಕರದ್ರಿ ಅವನ್ನ?”

“ಬಂದರದವರು ಫೋನ್ ಮಾಡಿದ್ರಲೇ, ಆಂವ ಅಲ್ಲಿ ನಮ್ಮ ಸಾಲಿ ನಂಬರ ಬರಸಿದ್ನಂತ. ಮುಂಜಾನೆ ಬಾರ್ಜೊಂದು ಮಗುಚಿ ಬಿದ್ದೇತಂತ. ಎಲ್ಲಾರೂ ಸಿಕ್ಕಾರ, ಯಮನೂರಪ್ಪ ಒಬ್ಬನ ಸಿಕ್ಕಿಲ್ಲ, ನೀರಾಗ ಹುಡುಕಾಕತ್ತೇವಿ ಅಂದ್ರು. ‘ಆಂವ ಇಲ್ಲೇ ನನ್ನ ಮುಂದ ನಿಂತಾನ, ನೀರಿಗಿಳಿದವರನ್ನ ಮ್ಯಾಲೆ ಕರೀರಿ’ ಅಂತ ಹೇಳಿ ಇಟ್ಟೆ.”