ರಜೆಗೆ ಕಾರಣ

"ರಜೆ ಚೀಟಿ ತೋರಿಸು," ಅಂದರು ಅಪ್ಪ, ಮೂರನೆಯ ಸಲ.

ಮಗ ಬೂಟಿನ ಲೇಸು ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. ಮನೆಗೆ ಬಂದು ಮೂರು ದಿನವಾಗಿತ್ತು. ಹೊಸ್ತಿಲು ದಾಟಿರಲಿಲ್ಲ. ಬೀದಿ ಕಡೆಯ ಕಿಟಕಿಯನ್ನು ಬಂದ ದಿನವೇ ಮುಚ್ಚಿದ್ದ.

ಅಪ್ಪ ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ರಜೆ ಗುಮಾಸ್ತರಾಗಿದ್ದವರು. ಅರ್ಜಿ ಮಡಿಚಿದ ರೀತಿ ನೋಡಿಯೇ ಸುಳ್ಳು ಹಿಡಿಯುತ್ತಿದ್ದರು. ಮಗನನ್ನು ಸೈನ್ಯಕ್ಕೆ ಸೇರಿಸಿದ್ದೂ ಅವರೇ. "ಪುಕ್ಕಟೆ ರೈಲು, ಪುಕ್ಕಟೆ ಊರು ಸುತ್ತಾಟ, ವರ್ಷಕ್ಕೆ ಎರಡು ತಿಂಗಳು ರಜೆ. ಇನ್ನೇನೋ ಬೇಕು ನಿಂಗೆ?" ಅಂದಿದ್ದರು.

"ಊರೂರಲ್ಲೂ ಸರ್ಕಾರದ ವಿರುದ್ಧ ಮೆರವಣಿಗೆ. ಎಲ್ಲರ ರಜೆನೂ ರದ್ದು. ನಿಂಗೊಬ್ಬನಿಗೇ ಹೇಗಪ್ಪಾ ಸಿಕ್ತು? ಕರ್ನಲ್ಲು ನಿನ್ನ ಸೋದರಮಾವನೇನು?"

"ಸಿಕ್ತು."

"ಓಡಿ ಬಂದಿದೀಯ."

ಮಗ ಅಲ್ಲವೆನ್ನಲಿಲ್ಲ. ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಸೌಟು ಜಾರಿತು. ಅಪ್ಪನ ಮುಖ ಕಪ್ಪಿಟ್ಟಿತು. ಇನ್ನು ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆ?

"ಬೈಬೇಡಿ ಅವನನ್ನ."

ಬಾಗಿಲಲ್ಲಿ ಎದುರುಮನೆಯ ಟೀಚರಮ್ಮ ನಿಂತಿದ್ದರು. ಮೆರವಣಿಗೆಗೆ ಹೋದ ಅವರ ಮಗಳು ಗುಬ್ಬಿ ಸತ್ತು ಎಂಟು ದಿನ. ಮೂರನೇ ಕ್ಲಾಸಿನಿಂದ ಈ ಮಗನ ಲೆಕ್ಕ ಕದ್ದು ಬರೆಯುತ್ತಿದ್ದ ಹುಡುಗಿ.

ಟೀಚರಮ್ಮ ನೇರ ಬಂದು ಅವನ ತಲೆಯ ಮೇಲೆ ಕೈಯಿಟ್ಟರು. "ನೀನೊಬ್ಬನಾದರೂ ಬಂದೂಕು ಬಿಸಾಕಿ ಬಂದ್ಯಲ್ಲೋ. ನಮ್ಮ ಗುಬ್ಬಿಗೋಸ್ಕರ ಬಂದೆ ಅಲ್ವಾ?"

ಆ ಕೈಯ ಕೆಳಗೆ ಅವನು ಕುಗ್ಗಿಹೋದ.

"ಗಡಿಯಾರ ಕಂಬ ಹತ್ತಿ ಬಾವುಟ ಕಟ್ತಿದ್ದಳಂತೆ. ಒಂದೇ ಗುಂಡಂತೆ. ಹೊಗೆ ಬಿಡ್ತಾರೆ ಅಂತ ಮುಖಕ್ಕೆ ನನ್ನ ಸ್ಕಾರ್ಫ್ ಸುತ್ಕೊಂಡು ಹೋಗಿದ್ದಳು ಕಣೋ."

"ಹಳದಿಯದು," ಅಂದ ಮಗ, ನೆಲ ನೋಡುತ್ತ. "ಮುಖ ಕಾಣ್ತಿರಲಿಲ್ಲ."

"ಹೂಂ. ಪೇಪರಲ್ಲಿ ನೋಡಿದೀಯ." ಟೀಚರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟುಹೋದರು.

ಅಪ್ಪ ಮೇಜಿನ ಮೇಲಿದ್ದ ಹಳೆಯ ಪೇಪರು ಎತ್ತಿಕೊಂಡರು. ಕಂಬ, ಹುಡುಗಿ, ಬಾವುಟ. ಚಿತ್ರ ಕಪ್ಪು-ಬಿಳುಪಿನದು.

ಅವರು ಮಗನ ಚೀಲ ಬಿಚ್ಚಿದರು. ಮಗ ತಡೆಯಲಿಲ್ಲ. ಮೊದಲು ಸಿಕ್ಕಿದ್ದು ರೈಲಿನ ಪಾಸು: ಇಬ್ಬರಿಗೆ, ಹೋಗಿ ಬರಲು, ಸಮುದ್ರತೀರದ ಸೈನಿಕ ವಿಶ್ರಾಂತಿಗೃಹದಲ್ಲಿ ವಾಸ್ತವ್ಯ ಸಹಿತ. ಓಡಿಬಂದವನಿಗೆ ಯಾರೂ ಇದನ್ನು ಕೊಡುವುದಿಲ್ಲ. ಅದರಡಿಯಲ್ಲಿ ರಜೆ ಚೀಟಿ. ಸಹಿ ಸರಿಯಿತ್ತು, ಮೊಹರು ಸರಿಯಿತ್ತು. ಇಪ್ಪತ್ತೆರಡು ವರ್ಷ ತಾಯಿಯ ಕಾಯಿಲೆ, ತಂಗಿಯ ಮದುವೆ ಎಂದು ಟೈಪು ಮಾಡಿದ ಬೆರಳು ಕಾರಣದ ಸಾಲಿನ ಮೇಲೆ ನಿಂತಿತು.

"ಗಡಿಯಾರ ಕಂಬದ ಮೇಲಿನ ಗುರಿಯನ್ನು ಒಂದೇ ಗುಂಡಿಗೆ ಉರುಳಿಸಿದ್ದಕ್ಕಾಗಿ ಬಹುಮಾನ: ಹತ್ತು ದಿನ."